ಬೋರ್ಡಿನ ಸುತ್ತಲೂ ಜಾಗ ಬಿಡಿ

ಕರ್ನಾಟಕದ ಅಂಚಿನ ಅತ್ತಿಬೆಲೆಯ ಕೊನೆಯ ಅಂಗಡಿಗಳಿಂದ ಗಡಿಯಾಚೆ ತಮಿಳುನಾಡಿನ ಜೂಜುವಾಡಿಯ ಮೊದಲ ಅಂಗಡಿಗಳಿಗೆ ನಡೆದೇ ಹೋಗಬಹುದು. ಎರಡೂ ಕಡೆ ಸಿಗುವುದು ಅದೇ ಟೀ, ಅದೇ ಬನ್ನು, ಅದೇ ಟೈರು, ಅದೇ ಮೊಬೈಲ್ ರೀಚಾರ್ಜು. ಬದಲಾಗುವುದು ಅಂಗಡಿಯ ಮೇಲಿನ ಬೋರ್ಡು. ಈಚೆ ಕಡೆ ಕನ್ನಡ ಮೇಲೆ, ದೊಡ್ಡದಾಗಿ. ಆಚೆ ಕಡೆ ತಮಿಳು ಮೇಲೆ, ದೊಡ್ಡದಾಗಿ. ಇದು ಅಂಗಡಿಯವರ ಇಷ್ಟಾನಿಷ್ಟದ ಮಾತಲ್ಲ. ಕರ್ನಾಟಕದಲ್ಲಿ 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮಕ್ಕೆ 2024ರಲ್ಲಿ ತಂದ ತಿದ್ದುಪಡಿಯ ಪ್ರಕಾರ ನಾಮಫಲಕದ ಶೇ 60ರಷ್ಟು ಭಾಗ ಕನ್ನಡಕ್ಕೆ ಮೀಸಲು. ತಮಿಳುನಾಡಿನಲ್ಲಿ 1948ರ ಅಂಗಡಿ ಮತ್ತು ಸಂಸ್ಥೆಗಳ ನಿಯಮಾವಳಿಯಿಂದ ಬಂದ ಕಟ್ಟಳೆ ಬೇರೆಯೇ ಲೆಕ್ಕ ಹೇಳುತ್ತದೆ: ತಮಿಳು, ಇಂಗ್ಲಿಷ್, ಇತರ ಭಾಷೆ, ಈ ಕ್ರಮದಲ್ಲಿ 5:3:2.

ಕ್ಯಾಮೆರಾ ಹಿಡಿದು ಬೀದಿಗೆ ಇಳಿದವರು ಈ ಲೆಕ್ಕವನ್ನು ತಿಳಿದಿರಬೇಕು. ಚೌಕಟ್ಟಿನೊಳಗೆ ಯಾವುದು ಎಷ್ಟು ಜಾಗ ಹಿಡಿಯಬೇಕು ಎನ್ನುವುದನ್ನೇ ನಾವು ಸಂಯೋಜನೆ ಎನ್ನುತ್ತೇವೆ. ಜೂಜುವಾಡಿ ದಾಟಿದರೆ ಸಿಗುವ ಹೊಸೂರಿನಲ್ಲಿ ಬೋರ್ಡಿನ ಚಿತ್ರ ತೆಗೆಯುವವರ ಕೈಗೆ ಆ ಕೆಲಸದ ಅರ್ಧ ಮುಗಿದೇ ಬಂದಿರುತ್ತದೆ. ಹತ್ತು ಪಾಲಿನಲ್ಲಿ ಐದು, ಮೂರು, ಎರಡು ಎಂದು ಮೊದಲೇ ಯಾರೋ ಅಳೆದಿದ್ದಾರೆ. ಆ ಕೊನೆಯ ಎರಡು ಪಾಲಿನಲ್ಲಿ ಕನ್ನಡ, ತೆಲುಗು, ಉರ್ದು, ಹಿಂದಿ ಎಲ್ಲವೂ ತಮ್ಮ ಸರದಿಗೆ ಕಾಯುತ್ತವೆ. ಬೋರ್ಡಿನ ಅಕ್ಷರ ಎಷ್ಟು ಚಂದವಿದೆ ಎಂದು ನೋಡುವ ಮುಂಚೆ ಅದು ಯಾವ ಅಳತೆಯೊಳಗೆ ಕೂತಿದೆ ಎಂದು ನೋಡಿದರೆ, ತೆಗೆಯುವ ಚಿತ್ರವೇ ಬೇರೆಯಾಗುತ್ತದೆ.

ಈ ಸೀಮೆಗೆ ಇಷ್ಟು ಲಿಪಿಗಳು ಬಂದದ್ದು ನಿನ್ನೆ ಮೊನ್ನೆಯಲ್ಲ. ನೊಳಂಬರ ಕಾಲದ ಕನ್ನಡ ಶಾಸನಗಳು ಧರ್ಮಪುರಿಯಲ್ಲಿ ಸಿಕ್ಕಿವೆ. ಈ ಸುತ್ತಿನ ಬಾರಾಮಹಲ್ ಪ್ರದೇಶ 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪುವಿನ ಕೈಬಿಟ್ಟು ಈಸ್ಟ್ ಇಂಡಿಯಾ ಕಂಪನಿಗೆ ಹೋಯಿತು. ಹೊಸೂರು ಭಾಗ 1799ರ ನಂತರ ಕಂಪನಿಗೆ ಸೇರಿತು. ಆಮೇಲೆ ಸೇಲಂ ಜಿಲ್ಲೆ, 1965ರಲ್ಲಿ ಧರ್ಮಪುರಿ ಜಿಲ್ಲೆ, 2004ರಲ್ಲಿ ಕೃಷ್ಣಗಿರಿ ಜಿಲ್ಲೆ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಹೊಸೂರು ಮದ್ರಾಸ್ ರಾಜ್ಯದಲ್ಲೇ ಉಳಿಯಿತು, ಜನ ಮಾತ್ರ ಮನೆಯಲ್ಲಿ ಆಡುತ್ತಿದ್ದ ಭಾಷೆಯನ್ನೇ ಆಡುತ್ತ ಬಂದರು. ತಳಿ, ಡೆಂಕಣಿಕೋಟೆ ಕಡೆ ಕನ್ನಡ, ಬಾಗಲೂರು, ಬೇರಿಕೆ ಕಡೆ ತೆಲುಗು, ಎಲ್ಲ ಕಡೆ ತಮಿಳು. 1980ರ ಸುಮಾರಿಗೆ ಸಿಪ್ಕಾಟ್ ಕೈಗಾರಿಕಾ ಪ್ರದೇಶಕ್ಕೆ ಅಶೋಕ್ ಲೇಲ್ಯಾಂಡ್, ಟಿವಿಎಸ್, ಆಮೇಲೆ ಟೈಟಾನ್ ಬಂದು ನಿಂತ ಮೇಲೆ ಊರಿನ ಬೋರ್ಡುಗಳ ಮೇಲೆ ಇಂಗ್ಲಿಷೂ ಹಿಂದಿಯೂ ಹೆಚ್ಚಿದವು. ರೈಲು ನಿಲ್ದಾಣ ತಮಿಳುನಾಡಿನ ನೆಲದಲ್ಲಿದ್ದರೂ ಅದನ್ನು ನಡೆಸುವುದು ನೈರುತ್ಯ ರೈಲ್ವೆಯ ಬೆಂಗಳೂರು ವಿಭಾಗ. ಒಂದು ಬೀದಿಯ ಬೋರ್ಡುಗಳಲ್ಲಿ ಇಷ್ಟೂ ಚರಿತ್ರೆ ಒಟ್ಟಿಗೆ ನಿಂತಿರುವ ಊರು ನಮ್ಮ ಸುತ್ತಮುತ್ತ ಹೆಚ್ಚಿಲ್ಲ.

ಈಗ ಒಂದು ಬೋರ್ಡನ್ನು ಹತ್ತಿರದಿಂದ ನೋಡೋಣ. ಡೆಂಕಣಿಕೋಟೆ ರಸ್ತೆಯ ಬದಿಯಲ್ಲಿ ಇಂಥವು ಈಗಲೂ ಕಾಣಸಿಗುತ್ತವೆ: ತಗಡಿನ ಮೇಲೆ ಎನಾಮಲ್ ಪೇಂಟಿನಲ್ಲಿ ಕೈಯಾರೆ ಬರೆದ ಎಲೆಕ್ಟ್ರಿಕಲ್ ಅಂಗಡಿಯ ಬೋರ್ಡು. ನೆಲ ಹಳದಿ, ಅಕ್ಷರ ಕೆಂಪು, ಅಕ್ಷರದ ಬಲಕ್ಕೂ ಕೆಳಕ್ಕೂ ಕಪ್ಪು ಶೇಡು. ಮೇಲಿನ ಸಾಲು ತಮಿಳು. ತಮಿಳಿನಲ್ಲಿ ಒತ್ತಕ್ಷರ ಕೆಳಗೆ ಇಳಿಯುವುದಿಲ್ಲ. ಸ್ವರವಿಲ್ಲದ ಅಕ್ಷರದ ನೆತ್ತಿಗೆ ಒಂದು ಚುಕ್ಕೆ ಇಟ್ಟು ಮುಂದಿನದನ್ನು ಪಕ್ಕದಲ್ಲೇ ಬರೆಯುತ್ತಾರೆ. ಹಾಗಾಗಿ ಪದ ಅಡ್ಡಕ್ಕೆ ಬೆಳೆಯುತ್ತದೆ, ಬೋರ್ಡಿನ ಅಗಲವನ್ನೆಲ್ಲ ಬೇಡುತ್ತದೆ. ಅಡಿಯ ಸಾಲಿನ ಕನ್ನಡದಲ್ಲಿ ‘ಎಲೆಕ್ಟ್ರಿಕಲ್ಸ್’ ಬರೆಯುವ ಪೇಂಟರಿಗೆ ಬೇರೆಯೇ ಕಷ್ಟ. ‘ಕ್ಟ್ರಿ’ ಬಂದಾಗ ಮೇಲೆ ಗುಣಿಸು, ಕೆಳಗೆ ಟ ಒತ್ತು, ಅದರ ಜೊತೆ ರ ಒತ್ತು. ಇದ್ದ ಎರಡು ಪಾಲಿನಲ್ಲಿ ಕೆಳಗಿನ ಒಂದಂಶ ಒತ್ತಿಗೇ ಹೋಗುತ್ತದೆ. ಮೂಲ ಅಕ್ಷರ ಇನ್ನಷ್ಟು ಸಣ್ಣದಾಗಬೇಕು, ಇಲ್ಲವೇ ಒತ್ತು ಬೋರ್ಡಿನ ಅಂಚಿಗೆ ತಗುಲಬೇಕು. ನಿಯಮ ಕೊಟ್ಟ ಎರಡು ಪಾಲಿಗಿಂತಲೂ ಕನ್ನಡ ಚಿಕ್ಕದಾಗಿ ಕಾಣುವುದಕ್ಕೆ ಕಾರಣ ಲಿಪಿಯ ಈ ಮೈಕಟ್ಟು. ಇದನ್ನು ಚಿತ್ರದಲ್ಲಿ ತೋರಿಸಬೇಕಾದರೆ ಕನ್ನಡದ ಸಾಲನ್ನಷ್ಟೇ ಕತ್ತರಿಸಿ ತೆಗೆದುಕೊಂಡರೆ ಆಗದು. ಪೂರ್ತಿ ಬೋರ್ಡು ಬೇಕು, ಅಂಚಿನ ತಗಡಿನ ಮಡಿಕೆಯೂ ಬೇಕು.

ರಸ್ತೆಯ ಆಚೆಯಿಂದ ನೋಡಿದರೆ ಕನ್ನಡವೋ ತೆಲುಗೋ ಎನ್ನುವುದು ಎಷ್ಟೋ ಸಲ ತಿಳಿಯುವುದೇ ಇಲ್ಲ. ತಲೆಕಟ್ಟಿನಲ್ಲಿ ವ್ಯತ್ಯಾಸವಿದೆ: ಕನ್ನಡದ್ದು ಅಡ್ಡಗೆರೆಯಂತೆ ಸಾಗಿ ತುದಿಯಲ್ಲಿ ಬಾಗುತ್ತದೆ, ತೆಲುಗಿನದು ಸರಿ ಗುರುತಿನ ಹಾಗೆ ಮೇಲಕ್ಕೆ ಚಿಮ್ಮುತ್ತದೆ. ಕೈಬರಹದ ಪೇಂಟರುಗಳು ಎರಡನ್ನೂ ಒಂದೇ ಬ್ರಷ್ಷಿನಲ್ಲಿ ಒಂದೇ ಓಟದಲ್ಲಿ ಬರೆಯುವುದರಿಂದ ಎರಡೂ ಒಂದರ ಛಾಯೆ ಇನ್ನೊಂದಕ್ಕೆ ಬಿದ್ದಂತೆ ಕಾಣುತ್ತವೆ. ನನಗೆ ಇಲ್ಲಿನ ಬೋರ್ಡುಗಳಲ್ಲಿ ತುಂಬ ಹಿಡಿಸಿದ್ದು ಇದೇ. ಹಾಗೆಯೇ ತಮಿಳಿನ ಕೈಯಿಂದ ಬಂದ ಕನ್ನಡಕ್ಕೆ ಒಂದು ನೇರ ನಿಲುವಿದೆ, ಬೆಂಗಳೂರಿನ ಚಿಕ್ಕಪೇಟೆಯ ಬೋರ್ಡುಗಳಲ್ಲಿ ಕಾಣುವ ದುಂಡುತನ ಅದಕ್ಕಿಲ್ಲ. ಯಾವ ಕಂಪ್ಯೂಟರ್ ಫಾಂಟಿನಲ್ಲೂ ಆ ನಿಲುವನ್ನು ಕಂಡಿಲ್ಲ.

ಬಣ್ಣದ ವಿಷಯಕ್ಕೆ ಬರೋಣ. ಹಳದಿ, ಕೆಂಪು ಜೋಡಿಯನ್ನೇ ತೆಗೆದುಕೊಳ್ಳಿ. ಅತ್ತಿಬೆಲೆಯಲ್ಲಿ ಹಳದಿ ನೆಲದ ಮೇಲೆ ಕೆಂಪು ಕಂಡರೆ ನಮ್ಮ ಕಣ್ಣು ಅದನ್ನು ಕನ್ನಡ ಬಾವುಟವೆಂದೇ ಓದುತ್ತದೆ. ಹೊಸೂರಿನ ದಿನಸಿ ಅಂಗಡಿಯ ಮೇಲೆ ಅದೇ ಜೋಡಿ ಅರಿಶಿನ ಕುಂಕುಮವಾಗುತ್ತದೆ, ಅಂಗಡಿಗೆ ಮಂಗಳದ ಗುರುತಾಗುತ್ತದೆ. ಕಪ್ಪು, ಕೆಂಪು ಜೋಡಿ ನಮ್ಮ ಕಡೆ ಬರೀ ಬಣ್ಣ. ಗಡಿಯಾಚೆ ಅದು ಡಿಎಂಕೆ ಬಾವುಟ. ಅಂಗಡಿಯ ಬೋರ್ಡಿಗೆ ಆ ಎರಡನ್ನು ಮೇಲೆ ಕೆಳಗೆ ಪಟ್ಟೆಯಾಗಿ ಬಳಿಯುವ ಮುಂಚೆ ಪೇಂಟರು ಮಾಲೀಕನನ್ನು ಒಂದು ಮಾತು ಕೇಳುತ್ತಾನೆ. ಬಣ್ಣಕ್ಕೆ ಅರ್ಥ ಬರುವುದು ಅದರ ಪಕ್ಕದ ಬಣ್ಣದಿಂದಲೂ ಅದು ನಿಂತ ಊರಿನಿಂದಲೂ. ಜೋಸೆಫ್ ಆಲ್ಬರ್ಸ್ ಎಂಬ ಕಲಾಶಿಕ್ಷಕ 1963ರಲ್ಲಿ ತನ್ನ ಪ್ರಸಿದ್ಧ ಪುಸ್ತಕದಲ್ಲಿ ಇದರ ಮೊದಲರ್ಧವನ್ನು ತೋರಿಸಿಕೊಟ್ಟ: ಒಂದೇ ಬಣ್ಣದ ಚೂರನ್ನು ಎರಡು ಬೇರೆ ನೆಲದ ಮೇಲಿಟ್ಟರೆ ಕಣ್ಣಿಗೆ ಎರಡು ಬಣ್ಣವಾಗಿಯೇ ಕಾಣುತ್ತದೆ. ನಮ್ಮ ಪೇಂಟರುಗಳಿಗೆ ಇದು ಕೈಯಲ್ಲೇ ಗೊತ್ತು. ಹಳದಿಯ ಮೇಲೆ ಕೆಂಪು ಬರೆದರೆ ಸುಮ್ಮನೆ ಬಿಡುತ್ತಾರೆ. ಅದೇ ಕೆಂಪನ್ನು ನೀಲಿಯ ಮೇಲೆ ಬರೆದಾಗ ಸುತ್ತ ತೆಳುವಾಗಿ ಬಿಳಿ ಔಟ್‌ಲೈನ್ ಎಳೆಯುತ್ತಾರೆ. ಅದಿಲ್ಲದಿದ್ದರೆ ಕೆಂಪು, ನೀಲಿ ಸೇರುವ ಅಂಚು ಕಣ್ಣಿನಲ್ಲಿ ಅದುರುತ್ತದೆ, ಅಕ್ಷರ ನಿಲ್ಲುವುದಿಲ್ಲ.

ಸರ್ಕಾರದ ಬಣ್ಣಗಳಿಗೆ ಊರಿನ ಹಂಗಿಲ್ಲ, ಅವು ದೇಶಕ್ಕೆಲ್ಲ ಒಂದೇ. ರಾಷ್ಟ್ರೀಯ ಹೆದ್ದಾರಿಯ ಮೈಲಿಗಲ್ಲಿನ ತಲೆ ಹಳದಿ, ರಾಜ್ಯ ಹೆದ್ದಾರಿಯದು ಹಸಿರು, ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯ ಹಳ್ಳಿ ರಸ್ತೆಯದು ಕಿತ್ತಳೆ. ಹೆದ್ದಾರಿಯಿಂದ ಒಳಗೆ ತಿರುಗಿ ಹಳ್ಳಿಯವರೆಗೆ ಹೋದರೆ ಕಲ್ಲಿನ ತಲೆಯ ಬಣ್ಣ ನೋಡಿಯೇ ರಸ್ತೆಯ ದರ್ಜೆ ಹೇಳಬಹುದು. ಎಚ್ಚರಿಕೆಗೆ ಕೆಂಪು ಅಂಚಿನ ತ್ರಿಕೋನ, ಕಡ್ಡಾಯದ ಮಾತಿಗೆ ವೃತ್ತ, ನಿಲ್ಲು ಎನ್ನುವುದಕ್ಕೆ ಮಾತ್ರ ಎಂಟು ಮೂಲೆ. ಬೆಂಗಳೂರಿನಿಂದ ಕೃಷ್ಣಗಿರಿವರೆಗೆ 44 ಮತ್ತು 48ನೇ ಹೆದ್ದಾರಿಗಳು ಒಂದೇ ಡಾಂಬರಿನ ಮೇಲೆ ಸಾಗುತ್ತವೆ. ಕೃಷ್ಣಗಿರಿಯಲ್ಲಿ 44 ಸೇಲಂ ಕಡೆಗೂ 48 ಚೆನ್ನೈ ಕಡೆಗೂ ಕವಲೊಡೆಯುತ್ತವೆ. 2010ರ ಹೊಸ ಸಂಖ್ಯಾಕ್ರಮ ಬರುವ ತನಕ ಈ ರಸ್ತೆ ಎನ್‌ಎಚ್ 7 ಆಗಿತ್ತು. ಹಳೆಯ ಗೋಡೆಯ ಮೇಲೆ, ಲಾಡ್ಜಿನ ವಿಳಾಸದಲ್ಲಿ ಆ 7 ಇನ್ನೂ ಕಂಡರೆ ಅದನ್ನು ತಪ್ಪದೆ ತೆಗೆದಿಡಿ.

ಬೆಳಕಿನ ಲೆಕ್ಕ ಸರಿಯಾಗದಿದ್ದರೆ ಇದೆಲ್ಲ ತಿಳಿದೂ ಪ್ರಯೋಜನವಿಲ್ಲ. ಬೆಂಗಳೂರಿನಿಂದ ಕೃಷ್ಣಗಿರಿಗೆ ಹೆದ್ದಾರಿ ಒಟ್ಟಾರೆ ಆಗ್ನೇಯ ದಿಕ್ಕಿಗೆ ಸಾಗುತ್ತದೆ. ಹಾಗಾಗಿ ಬೆಂಗಳೂರಿನಿಂದ ಬರುವವರಿಗೆ ಎದುರಾಗುವ ಬೋರ್ಡುಗಳ ಮುಖ ವಾಯವ್ಯಕ್ಕೆ, ಬೆಂಗಳೂರಿಗೆ ಹೋಗುವವರಿಗೆ ಎದುರಾಗುವ ಬೋರ್ಡುಗಳ ಮುಖ ಆಗ್ನೇಯಕ್ಕೆ. ಬೆಳಗಿನ ಬಿಸಿಲು ಎರಡನೆಯದಕ್ಕೆ, ಸಂಜೆ ಬಿಸಿಲು ಮೊದಲನೆಯದಕ್ಕೆ. ಬೆಳಿಗ್ಗೆ ಹೊರಟು ಹೋಗುವಾಗ ಕಾಣುವ ಬೋರ್ಡನ್ನೇ ತೆಗೆಯುತ್ತ ಹೋದರೆ ಅದರ ಹಿಂದೆ ಸೂರ್ಯನಿರುತ್ತಾನೆ, ಬಣ್ಣವೆಲ್ಲ ಕಪ್ಪಾಗುತ್ತದೆ. ಹಿಂದಿರುಗಿ ನಿಂತು ತೆಗೆಯಬೇಕು. ಏಪ್ರಿಲ್ ಕೊನೆಯ ವಾರದಲ್ಲೂ ಆಗಸ್ಟ್ ಮಧ್ಯದಲ್ಲೂ ಈ ಭಾಗದಲ್ಲಿ ಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೆಯೇ ಇರುತ್ತಾನೆ. ಆ ಹೊತ್ತಿನ ಬೆಳಕು ಬೋರ್ಡಿನ ಮೈಯನ್ನು ಸವರಿಕೊಂಡು ಇಳಿಯುತ್ತದೆ. ಸಾಮಾನ್ಯ ಚಿತ್ರಕ್ಕೆ ಅದು ಕೆಟ್ಟ ಹೊತ್ತು. ಆದರೆ ಕೈಬರಹದ ಬೋರ್ಡಿನಲ್ಲಿ ಬ್ರಷ್ಷು ಎಲ್ಲಿ ಪೇಂಟು ತುಂಬಿಕೊಂಡು ಬಂತು, ಎಲ್ಲಿ ಒಣಗಿ ಎಳೆಯಿತು, ಹಳೆಯ ಮಾಲೀಕನ ಹೆಸರು ಹೊಸ ಪೇಂಟಿನ ಅಡಿಯಲ್ಲಿ ಹೇಗೆ ಉಬ್ಬಿ ನಿಂತಿದೆ ಎನ್ನುವುದೆಲ್ಲ ಆಗಲೇ ಕಾಣುವುದು.

ಹೊಸೂರು ಸುಮಾರು 900 ಮೀಟರ್ ಎತ್ತರದಲ್ಲಿದೆ, ಕೃಷ್ಣಗಿರಿ ಸುಮಾರು 500 ಮೀಟರ್. ಶೂಲಗಿರಿ ದಾಟಿ ಇಳಿಯುತ್ತಿದ್ದಂತೆ ಗಾಳಿಯ ಜೊತೆ ಬೆಳಕೂ ಬದಲಾಗುತ್ತದೆ. ಚಳಿಗಾಲದ ಬೆಳಿಗ್ಗೆ ಹೊಸೂರಿನ ಮಂಜಿನಲ್ಲಿ ಹಳದಿ ಬೋರ್ಡು ಮೃದುವಾಗಿ, ಅಂಚೇ ಇಲ್ಲದಂತೆ ಕಾಣುತ್ತದೆ. ಕೃಷ್ಣಗಿರಿಯ ಬಂಡೆ ಬಿಸಿಲಿನಲ್ಲಿ ಅದೇ ಹಳದಿ ಕಣ್ಣಿಗೆ ಹೊಡೆಯುತ್ತದೆ, ಫೋನಿನ ಕ್ಯಾಮೆರಾ ಅದನ್ನು ಬಿಳಿಚಾಗಿಸುತ್ತದೆ. ಎಕ್ಸ್‌ಪೋಷರನ್ನು ಸ್ವಲ್ಪ ತಗ್ಗಿಸಿದರೆ ಬಣ್ಣ ತಿರುಗಿ ಬರುತ್ತದೆ. ಸಂಜೆಗತ್ತಲಲ್ಲಿ ಇನ್ನೊಂದು ಬದಲಾವಣೆ: ಕೆಂಪು ಬೇಗ ಕಪ್ಪಾಗುತ್ತದೆ, ನೀಲಿ ಬಹಳ ಹೊತ್ತು ಹೊಳೆಯುತ್ತ ನಿಲ್ಲುತ್ತದೆ. ಕಡಿಮೆ ಬೆಳಕಿನಲ್ಲಿ ನಮ್ಮ ಕಣ್ಣು ನೀಲಿ, ಹಸಿರಿನ ಕಡೆಗೆ ಹೆಚ್ಚು ಚುರುಕಾಗುವುದರಿಂದ ಹೀಗಾಗುತ್ತದೆ. ಇದನ್ನು ಗುರುತಿಸಿದ ಹತ್ತೊಂಬತ್ತನೆಯ ಶತಮಾನದ ಜೆಕ್ ವಿಜ್ಞಾನಿ ಪುರ್ಕಿನ್ಯೆಯ ಹೆಸರೇ ಈ ಪರಿಣಾಮಕ್ಕಿದೆ. ರಾತ್ರಿ ಹೆದ್ದಾರಿಯ ಹಸಿರು ಫಲಕಕ್ಕೆ ಫ್ಲ್ಯಾಶ್ ಹಾಕಬೇಡಿ. ಅದರ ಮೇಲಿನ ಹಾಳೆ ಬೆಳಕನ್ನು ಬಂದ ದಾರಿಯಲ್ಲೇ ಹಿಂದಕ್ಕೆ ಕಳಿಸುವಂತೆ ಮಾಡಿದ್ದು. ಚಾಲಕನಿಗೆ ಅದರಿಂದ ಉಪಕಾರ, ಕ್ಯಾಮೆರಾಕ್ಕೆ ಬರೀ ಬಿಳಿ ಚೌಕ. ಓಡುವ ಎಲ್‌ಇಡಿ ಬೋರ್ಡುಗಳಿಗೆ ಶಟರ್ ವೇಗ ಸೆಕೆಂಡಿನ ಮೂವತ್ತನೇ ಒಂದು ಭಾಗದಷ್ಟು ನಿಧಾನವಿರಲಿ. ವೇಗ ಹೆಚ್ಚಾದರೆ ಅರ್ಧ ಅಕ್ಷರಗಳಷ್ಟೇ ಸಿಗುತ್ತವೆ, ಏಕೆಂದರೆ ಆ ದೀಪಗಳು ಒಟ್ಟಿಗೆ ಉರಿಯುವುದಿಲ್ಲ, ಸಾಲು ಸಾಲಾಗಿ ಬಲು ಬೇಗ ಹತ್ತಿ ಆರುತ್ತಿರುತ್ತವೆ.

ಕೈಬರಹದ ಬೋರ್ಡು ಕಡಿಮೆಯಾಗುತ್ತ ಬಂದಿದೆ. ಫ್ಲೆಕ್ಸು, ಆಮೇಲೆ ಅಲ್ಯುಮಿನಿಯಂ ಹೊದಿಕೆಯ ಎಸಿಪಿ ಶೀಟು ಮತ್ತು ಎಲ್‌ಇಡಿ ಅಕ್ಷರ, ಇವು ಜಾಗ ಹಿಡಿದಿವೆ. ಫ್ಲೆಕ್ಸನ್ನು ಹಳಿಯುವುದು ಸುಲಭ, ನಾನು ಹಳಿಯಲಾರೆ. ಒಂದೇ ರಾತ್ರಿಯಲ್ಲಿ ಬೋರ್ಡು ಸಿಗುತ್ತದೆ ಎಂಬುದು ಸಣ್ಣ ಅಂಗಡಿಯವರಿಗೆ ದೊಡ್ಡ ಅನುಕೂಲ. ಅದು ಹಳೆಯದಾಗುವ ಬಗೆಯೂ ನೋಡುವಂಥದ್ದೇ. ಬಿಸಿಲಿಗೆ ಮೊದಲು ಹಳದಿಯೂ ಮಜೆಂಟಾ ಬಣ್ಣವೂ ಹಾರಿಹೋಗುತ್ತವೆ, ಕಡೆಗೆ ಉಳಿಯುವುದು ನೀಲಿ ಮತ್ತು ಕಪ್ಪು. ಮದುವೆ ಶುಭಾಶಯದ, ಗೃಹಪ್ರವೇಶದ, ಶ್ರದ್ಧಾಂಜಲಿಯ ಹಳೆಯ ಫ್ಲೆಕ್ಸುಗಳಲ್ಲಿ ಮುಖಗಳೆಲ್ಲ ನೀಲಿಯಾಗಿ ಕಾಣುವುದು ಇದರಿಂದ. ಎನಾಮಲ್ ಹಾಗಲ್ಲ. ಕೆಂಪು ಮೊದಲು ಮಾಸಿ ಪುಡಿಪುಡಿಯಾದ ಗುಲಾಬಿಗೆ ತಿರುಗುತ್ತದೆ, ಕಪ್ಪು ಶೇಡು ಗಟ್ಟಿಯಾಗಿ ಉಳಿಯುತ್ತದೆ. ಕೊನೆಗೆ ಅಕ್ಷರ ಹೋಗಿ ನೆರಳಷ್ಟೇ ಓದಲು ಸಿಗುವ ಬೋರ್ಡುಗಳುಂಟು. ಅಕ್ಷರ ಬರೆಯುವ ಮುಂಚೆ ದಾರಕ್ಕೆ ಸೀಮೆಸುಣ್ಣ ಹಚ್ಚಿ, ಎರಡು ತುದಿ ಬಿಗಿಹಿಡಿದು, ನಡುವೆ ಮೀಟಿ ಗೆರೆ ಹೊಡೆಯುತ್ತಾರೆ. ಆ ಗೆರೆ ಕೆಲವು ಬೋರ್ಡುಗಳ ಮೇಲೆ ಅಳಿಸದೆ ಉಳಿದಿರುತ್ತದೆ. ಬಲ ಮೂಲೆಯ ಅಡಿಯಲ್ಲಿ ‘ಆರ್ಟ್ಸ್’ ಎಂದು ಕೊನೆಯಾಗುವ ಪುಟ್ಟ ಸಹಿ ಇರುತ್ತದೆ. ಚಿತ್ರ ತೆಗೆಯುವಾಗ ಆ ಮೂಲೆಯನ್ನು ಕತ್ತರಿಸುವುದು ಬರೆದವರಿಗೆ ಮಾಡುವ ಅನ್ಯಾಯ. ದೆಹಲಿಯಲ್ಲಿದ್ದ ಹನೀಫ್ ಕುರೇಶಿ ದೇಶದ ಬೀದಿ ಪೇಂಟರುಗಳ ಅಕ್ಷರಗಳನ್ನು ಅವರವರ ಹೆಸರಿನಲ್ಲೇ ಫಾಂಟುಗಳಾಗಿ ಉಳಿಸುವ ಕೆಲಸ ಆರಂಭಿಸಿದ್ದರು, 2024ರಲ್ಲಿ ತೀರಿಕೊಂಡರು. ಗಡಿ ಊರುಗಳ ಕನ್ನಡ ಕೈಬರಹಕ್ಕೂ ಅಂಥದ್ದೊಂದು ಸಂಗ್ರಹ ಬೇಕು ಎಂದು ನನಗೆ ಬಲವಾಗಿ ಅನಿಸುತ್ತದೆ.

ಬೋರ್ಡುಗಳನ್ನು ಚಿತ್ರಕ್ಕೆ ವಸ್ತುವಾಗಿಸಿಕೊಂಡವರ ಸಾಲು ಉದ್ದವಿದೆ. ಅಮೆರಿಕದ ವಾಕರ್ ಇವಾನ್ಸ್ 1930ರ ದಶಕದಲ್ಲಿ ರಸ್ತೆಬದಿಯ ಬರಹಗಳನ್ನು ಕಪ್ಪು ಬಿಳುಪಿನಲ್ಲಿ ತೆಗೆದ, ಬಾಳಿನ ಕೊನೆಯ ವರ್ಷಗಳಲ್ಲಿ ಪೊಲರಾಯ್ಡ್ ಹಿಡಿದು ಬಣ್ಣದಲ್ಲೂ ತೆಗೆದ. ನಿಜವಾದ ಬೋರ್ಡುಗಳನ್ನೇ ಮನೆಗೆ ತಂದು ಕೂಡಿಟ್ಟುಕೊಂಡಿದ್ದ. ಅಮೆರಿಕದವನೇ ಆದ ವಿಲಿಯಂ ಎಗಲ್‌ಸ್ಟನ್‌ನ ಬಣ್ಣದ ಚಿತ್ರಗಳಿಗೆ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದ ಗೋಡೆ ಸಿಕ್ಕಿದ್ದು 1976ರಲ್ಲಿ. ಆದರೆ ನಮ್ಮ ಬೀದಿಗೆ ಹತ್ತಿರದವನು ರಘುಬೀರ್ ಸಿಂಗ್. ಭಾರತವನ್ನು ಬಣ್ಣವಿಲ್ಲದೆ ನೋಡಲಾಗದು ಎಂದು ಹಟ ಹಿಡಿದು ಬದುಕಿನುದ್ದಕ್ಕೂ ಬಣ್ಣದಲ್ಲೇ ತೆಗೆದವನು. ಅಂಬಾಸಿಡರ್ ಕಾರಿನ ಬಾಗಿಲು, ಗಾಜು, ಕನ್ನಡಿಗಳನ್ನೇ ಚೌಕಟ್ಟಾಗಿ ಬಳಸಿ ಅವನು ತೆಗೆದ ಚಿತ್ರಗಳ ಪುಸ್ತಕ ಅವನು ತೀರಿದ ಮೇಲೆ, 2002ರಲ್ಲಿ ಬಂತು. ಅದರಲ್ಲಿ ಯಾವುದೂ ಒಂಟಿಯಾಗಿ ನಿಲ್ಲುವುದಿಲ್ಲ. ಕಿಟಕಿಯಾಚೆ ಒಬ್ಬ, ಕನ್ನಡಿಯಲ್ಲಿ ಇನ್ನೊಬ್ಬ, ನಡುವೆ ಬಾಗಿಲಿನ ಕಂಬ. ನಮ್ಮ ಮೈಸೂರಿನ ಟಿ.ಎಸ್. ಸತ್ಯನ್ ಹೆಸರಾದದ್ದು ಬೇರೆ ಹಾದಿಯಲ್ಲಿ, ಕಪ್ಪು ಬಿಳುಪಿನಲ್ಲಿ, ಜನಸಾಮಾನ್ಯರ ಚಿತ್ರಗಳಿಂದ. ಬೋರ್ಡು ತೆಗೆಯುವವರು ಈ ಇಬ್ಬರಿಂದಲೂ ಕಲಿಯಬೇಕಾದ್ದಿದೆ: ರಘುಬೀರ್ ಸಿಂಗ್‌ನಿಂದ ಬಣ್ಣದ ನೆರೆಹೊರೆ, ಸತ್ಯನ್‌ರಿಂದ ಬೋರ್ಡಿನ ಕೆಳಗೆ ನಿಂತ ಮನುಷ್ಯ.

ನಾನು ಹೇಳಬೇಕೆಂದಿರುವುದು ಇಷ್ಟೆ: ಎರಡು ಹೆಜ್ಜೆ ಹಿಂದಕ್ಕೆ ಬನ್ನಿ. ಅಕ್ಷರದ ಅಂದಕ್ಕೆ ಮರುಳಾಗಿ ಬೋರ್ಡನ್ನು ಅಂಚಿನಿಂದ ಅಂಚಿಗೆ ತುಂಬಿಸಿ ತೆಗೆದ ಚಿತ್ರಗಳು ಎಲ್ಲೆಲ್ಲೂ ಇವೆ. ನೋಡಲು ಚೆನ್ನಾಗಿರುತ್ತವೆ, ಊರು ಯಾವುದೆಂದು ಹೇಳುವುದಿಲ್ಲ. ಎರಡು ಹೆಜ್ಜೆ ಹಿಂದೆ ಬಂದರೆ ಪಕ್ಕದ ಅಂಗಡಿಯ ಹಸಿರು ಶಟರು ಬರುತ್ತದೆ, ಟಿಎನ್ 70 ಎಂಬ ಹೊಸೂರಿನ ನಂಬರ್ ಪ್ಲೇಟಿನ ಪಕ್ಕ ಕೆಎ 51 ನಿಂತಿರುತ್ತದೆ, ಬಾಡಿಗೆ ಗಾಡಿಯ ಹಳದಿ ಪ್ಲೇಟಿನ ಎದುರು ಎಲೆಕ್ಟ್ರಿಕ್ ಸ್ಕೂಟರಿನ ಹಸಿರು ಪ್ಲೇಟು ಕಾಣುತ್ತದೆ. ಬೆಂಗಳೂರಿಗೆ ಹೊರಟ ಬಸ್ಸಿನ ಮುಂದಿನ ಬೋರ್ಡು ಚೌಕಟ್ಟಿನ ತುದಿಯಲ್ಲಿ ಸಿಗಬಹುದು. ಬೋರ್ಡನ್ನು ನಡುವಿಗೆ ಇಡಲೇಬೇಕೆಂದಿಲ್ಲ. ಅದರ ಬಣ್ಣವನ್ನು ಬೇರೆಲ್ಲಿಯಾದರೂ ಒಂದು ಚುಕ್ಕೆಯಾಗಿ ಮತ್ತೆ ಹುಡುಕಿ: ಹೆಂಗಸಿನ ಸೀರೆಯಲ್ಲಿ, ಬಕೆಟ್ಟಿನಲ್ಲಿ, ಹೂವಿನ ಬುಟ್ಟಿಯಲ್ಲಿ. ಗುಲಾಬಿ ಬೆಳೆಗೆ ಹೆಸರಾದ ಹೊಸೂರಿನಲ್ಲಿ ಕೆಂಪು ಚುಕ್ಕೆಗೆ ಬರವಿಲ್ಲ. ಫೋನಿನಲ್ಲಿ ತೆಗೆಯುವವರು ಅಗಲದ ಲೆನ್ಸು ಬಿಟ್ಟು ಒಂದೋ ಎರಡೋ ಪಟ್ಟಿನಲ್ಲಿ ತೆಗೆದರೆ ಅಂಚಿನ ಗೆರೆಗಳು ಬಾಗುವುದಿಲ್ಲ. ಫೋನನ್ನು ಮೇಲಕ್ಕೆ ವಾಲಿಸುವ ಬದಲು ರಸ್ತೆಯಾಚೆಯ ಮೆಟ್ಟಿಲನ್ನೇರಿ ನಿಂತರೆ ಬೋರ್ಡು ಮೇಲೆ ಕಿರಿದಾಗದೆ ಚೌಕವಾಗಿಯೇ ಬರುತ್ತದೆ.

ಕೇಳಿ ತೆಗೆಯಬೇಕು. ಇದು ಮರ್ಯಾದೆಯೂ ಹೌದು, ಈ ಭಾಗದಲ್ಲಿ ಅಗತ್ಯವೂ ಹೌದು. ಬೋರ್ಡಿನ ಭಾಷೆಯ ಅಳತೆ ನೋಡಲು ಅಧಿಕಾರಿಗಳು ಬರುವ ಊರಿನಲ್ಲಿ ಅಪರಿಚಿತರು ನಿಂತು ಬೋರ್ಡಿಗೆ ಕ್ಯಾಮೆರಾ ಹಿಡಿದರೆ ಅಂಗಡಿಯವರಿಗೆ ಗಾಬರಿಯಾಗುವುದು ಸಹಜ. ‘ಅಣ್ಣಾ, ಅಕ್ಷರ ಚೆನ್ನಾಗಿದೆ, ಯಾರು ಬರೆದರು?’ ಎಂದು ಕೇಳಿದರೆ ಮುಖ ಸಡಿಲವಾಗುತ್ತದೆ. ಕನ್ನಡದಲ್ಲೇ ಕೇಳಬಹುದು, ಹೊಸೂರಿನಲ್ಲಿ ಅದು ಪರಕೀಯವಲ್ಲ. ಮನೆಗೆ ಬಂದ ಮೇಲೆ ತಾರೀಖು, ರಸ್ತೆಯ ಹೆಸರು, ಬೋರ್ಡು ನೋಡುತ್ತಿದ್ದ ದಿಕ್ಕು, ಇವಿಷ್ಟನ್ನು ಬರೆದಿಡಿ. ಇಂದು ಸಾಧಾರಣವೆನಿಸುವ ಬೋರ್ಡೇ ಹದಿನೈದು ವರ್ಷಗಳ ಮೇಲೆ ಆ ಬೀದಿಯ ಏಕೈಕ ದಾಖಲೆಯಾಗಿರಬಹುದು.

ಬೇಸಿಗೆಯಲ್ಲಿ ಹೋಗುವವರು ಹೊಸೂರಿನಲ್ಲೇ ನಿಲ್ಲದೆ ಕೃಷ್ಣಗಿರಿಯವರೆಗೂ ಹೋಗಿ ಬನ್ನಿ. ಮಾವಿನ ಕಾಲದಲ್ಲಿ ಮಂಡಿಗಳ ಮುಂದೆ, ಹೆದ್ದಾರಿಯ ಬದಿಯಲ್ಲಿ, ರಟ್ಟಿನ ಮೇಲೆ ಮಾರ್ಕರಿನಲ್ಲಿ ಬರೆದ ದರದ ಬೋರ್ಡುಗಳು ಏಳುತ್ತವೆ. ಇವಕ್ಕೆ 5:3:2ರ ಲೆಕ್ಕ ಅನ್ವಯಿಸಿದ್ದನ್ನು ನಾನು ಕಂಡಿಲ್ಲ. ಹಣ್ಣಿನ ಹೆಸರು ಒಂದು ಭಾಷೆಯಲ್ಲಿ, ದರ ಎಲ್ಲರೂ ಓದುವ ಅಂಕಿಯಲ್ಲಿ. ಹಿಂದೆ ತೋತಾಪುರಿಯ ಹಸಿರು ರಾಶಿ, ಪಕ್ಕದಲ್ಲಿ ಸೆಂದೂರದ ಕೆಂಪು ಕೆನ್ನೆ, ಪ್ಲಾಸ್ಟಿಕ್ ಕ್ರೇಟಿನ ನೀಲಿ. ಬೆಳಿಗ್ಗೆ ಎಂಟರೊಳಗೆ ಹೋದರೆ ಬೆಂಗಳೂರಿಗೆ ಹೋಗುವ ದಾರಿಯ ಮಗ್ಗುಲಿನ ಅಂಗಡಿಗಳ ಮೇಲೆ ನೇರ ಬಿಸಿಲಿರುತ್ತದೆ. ಅಂಕಿ ಓದುವಷ್ಟು ಹತ್ತಿರ, ಹಣ್ಣಿನ ರಾಶಿಯೂ ಮಾರುವವರ ಕೈಯೂ ಬರುವಷ್ಟು ದೂರ ನಿಂತು ತೆಗೆಯಿರಿ. ದರ ಕಾಣುವ ಚಿತ್ರವನ್ನೇ ಇಟ್ಟುಕೊಳ್ಳಿ; ಆ ವರ್ಷದ ಬೆಳೆ ಹೇಗಿತ್ತೆಂದು ಅದು ಹೇಳುತ್ತದೆ.